ಎರಡು ಗೇಟುಗಳ ನಡುವೆ

ಅತ್ತೆಯ ಎಡಗಣ್ಣಿನ ಪಟ್ಟಿ ಬಿಚ್ಚಿಸಬೇಕಿತ್ತು. ಮಗನಿಗೆ ರಜೆ ಸಿಗಲಿಲ್ಲ. ಹೊಲಿಯುತ್ತಿದ್ದ ಪರದೆಯನ್ನು ಮಿಷನ್ನಿನ ಮೇಲೆ ಹಾಗೇ ಬಿಟ್ಟು ಸೊಸೆಯೇ ಹೊರಟಳು. ಇಬ್ಬರಿಗೂ ಅಷ್ಟಕ್ಕಷ್ಟೆ. ರೈಲಿನಲ್ಲಿ ಅಕ್ಕಪಕ್ಕ ಕೂತರೂ ಒಬ್ಬರು ಕಿಟಕಿಯತ್ತ, ಇನ್ನೊಬ್ಬರು ಬಾಗಿಲತ್ತ ಮುಖ ಮಾಡಿದ್ದರು.

ಆಸ್ಪತ್ರೆಯ ಬಳಿಯ ಸ್ಟೇಷನ್ನಿನ ಅರ್ಧ ಭಾಗ ಆ ದಿನ ಬೆಳಿಗ್ಗೆಯಿಂದ ಬೇರೊಂದು ಕಂಪನಿಯ ಕೈಗೆ ಹೋಗಿತ್ತು. ಪ್ಲಾಟ್‌ಫಾರ್ಮ್ ಹಳಬರದು, ಬೀದಿಗೆ ಬೀಳುವ ಬಾಗಿಲು ಹೊಸಬರದು. ಇವರಿಗೇನು ಗೊತ್ತು? ಹಳೇ ಗೇಟಿಗೆ ಕಾರ್ಡು ಮುಟ್ಟಿಸಿದರು, ಹಸಿರು ದೀಪ ಹತ್ತಿತು, ದಾಟಿದರು. ಹೊಸ ಬಣ್ಣದ ವಾಸನೆ ಹೊಡೆಯುತ್ತಿದ್ದ ಉದ್ದನೆಯ ಹಾದಿ ನಡೆದು ಎರಡನೆಯ ಗೇಟಿಗೆ ಅದೇ ಕಾರ್ಡು ಮುಟ್ಟಿಸಿದರೆ ಕೆಂಪು ದೀಪ.

"ಈ ಕಾರ್ಡು ನಮ್ಮಲ್ಲಿ ನಡೆಯಲ್ಲ ಮೇಡಂ," ಎಂದ ಗೇಟಿನವನು. "ಟಿಕೆಟ್ ಬೇಕು."

"ಸರಿ ಕೊಡಿ, ತಗೋತೀನಿ."

"ಕೌಂಟರ್ ಗೇಟಿನ ಆಚೆ ಇದೆ."

ಸೊಸೆ ಅವನ ಮುಖ ನೋಡಿದಳು. ಅವನೇನೂ ತಮಾಷೆ ಮಾಡುತ್ತಿರಲಿಲ್ಲ. ಅಂಗಿ ಹೊಸದು, ಪೊಟ್ಟಣದೊಳಗಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮುಖ ಮಾತ್ರ ಹಳೆಯದು.

"ಹೋದ ಸಲ ಇಲ್ಲೇ ನೀಲಿ ಅಂಗೀಲಿ ನಿಂತಿದ್ದೋರು ನೀವೇ ಅಲ್ವಾ? ನಮ್ಮತ್ತೆ ಕೈ ಹಿಡಿದು ದಾಟಿಸಿದ್ರಿ."

"ಆಗ ನಾನು ಅವರ ಕಂಪನಿ ಮೇಡಂ. ಈಗ ಇವರದ್ದು."

ಬಂದ ದಾರಿಯಲ್ಲೇ ವಾಪಸ್ ನಡೆದರು. ಹಳೇ ಗೇಟಿನ ಹೆಂಗಸು ಕಂಪ್ಯೂಟರಿನಿಂದ ತಲೆಯನ್ನೂ ಎತ್ತಲಿಲ್ಲ.

"ನೀವು ಆಗಲೇ ಹೊರಗೆ ಹೋಗಿದ್ದೀರಿ."

"ಎಲ್ಲಿಗೆ ಹೋದ್ವಿ ತಾಯಿ? ನಿಮ್ಮ ಮೂಗಿನ ಕೆಳಗೇ ನಿಂತಿದ್ದೀವಲ್ಲ!"

"ಇದರಲ್ಲಿ ಹಾಗೇ ತೋರಿಸ್ತಿದೆ. ಹೊಸಬರನ್ನೇ ಕೇಳಿ."

ಅಷ್ಟರಲ್ಲಿ ಇವರಂತೆಯೇ ಸಿಕ್ಕಿಬಿದ್ದವರು ಹಾದಿಯ ತುಂಬ ಸೇರಿದ್ದರು. ಕಾಲಲ್ಲಿ ಕಸುವಿದ್ದವರು ಗೇಟು ಹಾರಿ ಹೋದರು. ಗೇಟಿನವನು ಕಂಡೂ ಕಾಣದವನಂತೆ ನಿಂತಿದ್ದ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕಿ ಎಲ್ಲಿಗೆ ಹಾರಬೇಕು?

ಅತ್ತೆ ಸೊಸೆಯ ತೋಳು ಹಿಂಡಿದಳು. "ನನಗೆ ಬಾತ್‌ರೂಮಿಗೆ ಹೋಗಬೇಕು ಕಣೇ."

ಹಾದಿಯ ನಡುವೆ ಬಾತ್‌ರೂಮೇನೋ ಇತ್ತು. ಬಾಗಿಲಿಗೆ ಬೀಗ. ಕೀ ಅವರ ಹತ್ತಿರ ಎಂದರು ಹಳಬರು. ಅವರು ಇನ್ನೂ ಕೊಟ್ಟೇ ಇಲ್ಲ ಎಂದರು ಹೊಸಬರು. ಸೊಸೆ ಆ ಗೇಟಿಗೂ ಈ ಗೇಟಿಗೂ ಓಡಿದಳು, ಕೈ ಮುಗಿದಳು, ದನಿ ಏರಿಸಿದಳು. "ರೂಲ್ಸ್ ಮೇಡಂ" ಎಂದ ಗೇಟಿನವನು.

ಮೂರನೆಯ ಸಲ ಅವಳು ತಿರುಗಿ ಬರುವಾಗ ಅತ್ತೆ ಗೋಡೆಗೆ ಒರಗಿ, ಇರುವ ಒಂದು ಕಣ್ಣನ್ನೂ ಮುಚ್ಚಿ ನಿಂತಿದ್ದಳು. ಹೊಳೆಯುವ ಹೊಸ ನೆಲದ ಮೇಲೆ ನೀರು ಹರಿಯುತ್ತಿತ್ತು. ಸುತ್ತಲಿದ್ದವರು ಮುಖ ಸಿಂಡರಿಸಿ ಹಿಂದೆ ಸರಿದರು. ಯಾರೋ ಕಿಸಕ್ಕನೆ ನಕ್ಕರು.

ಗೇಟಿನವನು ಮೂಗಿಗೆ ಕರ್ಚೀಫು ಹಿಡಿದು ಓಡಿ ಬಂದ. ಪಕ್ಕದಲ್ಲೊಂದು ಚಿಕ್ಕ ಬಾಗಿಲಿತ್ತು. ಅದರ ಚಿಲಕವನ್ನು ಬೂಟುಗಾಲಿನಿಂದ ಒದ್ದು ತೆಗೆದ.

"ಹೋಗಿ ಹೋಗಿ, ಬೇಗ ಕರ್ಕೊಂಡು ಹೋಗಿ! ಇನ್ನೇನು ದೊಡ್ಡ ಸಾಹೇಬರು ಬರ್ತಾರೆ."

ಸೊಸೆ ತನ್ನ ಶಾಲು ತೆಗೆದು ಅತ್ತೆಯ ಸೊಂಟಕ್ಕೆ ಬಿಗಿಯಾಗಿ ಸುತ್ತಿದಳು. ಆಮೇಲೆ ಅವನತ್ತ ತಿರುಗಿದಳು.

"ಈ ಬಾಗಿಲಿಗೆ ಬೀಗಾನೂ ಇರಲಿಲ್ವಾ?"

"ಅದು ತುರ್ತು ಸಮಯಕ್ಕೆ ಅಂತ, ಮೇಡಂ."

"ಹಾಗಾದ್ರೆ ಈ ಮುದುಕಿಗೋಸ್ಕರ ನಾನು ಬೇಡ್ಕೊಂಡಿದ್ದು ಏನು? ನಿಮ್ಮ ನೆಲ ಒದ್ದೆಯಾದ್ರೆ ಮಾತ್ರ ತುರ್ತಾ? ಥೂ, ನಿಮ್ಮ ಜನ್ಮಕ್ಕಿಷ್ಟು."

ಉಳಿದವರೆಲ್ಲ ಇವರನ್ನು ತಳ್ಳಿಕೊಂಡೇ ಆ ಬಾಗಿಲಿನಿಂದ ಹೊರಗೆ ನುಗ್ಗಿದರು. ಹಿಂದೆ ಎರಡೂ ಕಂಪನಿಯ ಕಸ ಗುಡಿಸುವವರು ಬಂದು, ಒದ್ದೆ ನೆಲ ಯಾರ ಪಾಲಿಗೆ ಬರುತ್ತದೆಂದು ಜಗಳ ಶುರುಮಾಡಿದ್ದು ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಸೊಸೆ ಅತ್ತೆಯ ಕಾಲು ತೊಳೆದು, ನರ್ಸ್ ಕೊಟ್ಟ ದೊಗಳೆ ಗೌನು ತೊಡಿಸಿದಳು. ಡಾಕ್ಟರು ಪಟ್ಟಿ ಬಿಚ್ಚಿ, "ಈಗ ಎಲ್ಲ ಕಾಣಿಸ್ತಿದೆಯಾ ಅಮ್ಮಾ?" ಎಂದರು.

"ಬೇಡದ್ದೆಲ್ಲ ಕಾಣಿಸ್ತಿದೆ," ಎಂದಳು ಅತ್ತೆ.

ಮನೆಗೆ ಬಸ್ಸಿನಲ್ಲಿ ಬಂದರು. ಸಂಜೆ ಊಟಕ್ಕೆ ಕೂತಾಗ ಮಗ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದ.

"ಹೊಸದಲ್ವಾ ಅಮ್ಮಾ, ಮೊದಮೊದಲು ಹಾಗೇ. ಪಾಪ, ಅವರಾದ್ರೂ ಏನು ಮಾಡ್ತಾರೆ? ನೀನೂ ಮನೇಲೇ ಎಲ್ಲ ಮುಗಿಸ್ಕೊಂಡು ಹೊರಡಬೇಕಿತ್ತು."

ಅತ್ತೆ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಅವನನ್ನು ಎರಡೂ ಕಣ್ಣಿನಿಂದ ನೋಡಿದಳು, ಹೊಲಸು ತುಳಿದವರು ಕಾಲು ನೋಡಿಕೊಳ್ಳುವಂತೆ. ಆಮೇಲೆ ಸೊಸೆಗೆ ಹೇಳಿದಳು: "ಏಳೇ, ನಾವು ಒಳಗೆ ಕೂತು ಉಣ್ಣೋಣ."

ಸೊಸೆ ಎರಡು ತಟ್ಟೆಗಳನ್ನೂ ಎತ್ತಿಕೊಂಡಳು.

"ಅಯ್ಯೋ, ಈಗ ನಾನೇನಂದೆ?" ಎಂದು ಮಗ ಹೊರಗಿನಿಂದ ಕೇಳುತ್ತಲೇ ಇದ್ದ.