ಮೂರು ಶೆಡ್ಡಿಗೂ ಸಮದೂರ

ಬಟ್ಟೆ ಕಾರ್ಖಾನೆಯ ಹಳೆ ಶೌಚಾಲಯ ಕುಸಿದು ಬಿದ್ದ ಮೇಲೆ ಎಲ್ಲರೂ ಗೇಟಿನಾಚೆಯ ಬಸ್ ನಿಲ್ದಾಣಕ್ಕೆ ಓಡಬೇಕಾಯಿತು. ಗುಂಡಿಗೆ ಕಾಜಾ ಹೊಲಿಯುವ ಹುಡುಗಿಗೆ ಏಳು ತಿಂಗಳು ತುಂಬಿತ್ತು. ಆ ಓಟ ಅವಳಿಗೆ ಪ್ರಾಣಸಂಕಟ.

ಕತ್ತರಿಸುವ ಶೆಡ್ಡು ಒಂದು ತುದಿಗೆ, ಇಸ್ತ್ರಿ ಶೆಡ್ಡು ಇನ್ನೊಂದು ತುದಿಗೆ. ನಡುವೆ ತುಸು ಮುಂದಕ್ಕೆ ಹೊಲಿಗೆ ಶೆಡ್ಡು. ಹೊಸದನ್ನು ಹೊಲಿಗೆಯವರ ಪಕ್ಕ ಕಟ್ಟಿದ್ದರೆ ಮುಗಿಯುತ್ತಿತ್ತು. ಅವರಿಗೇನು ಕೋಡು ಮೂಡಿದೆಯಾ ಎಂದು ಉಳಿದ ಎರಡು ಶೆಡ್ಡಿನವರು ತಕರಾರು ತೆಗೆದರು.

ಮ್ಯಾನೇಜರಿಗೆ ಭಾಷಣದ ಚಪಲ. ಸ್ಟೂಲು ಹತ್ತಿ, ಮೂರು ಶೆಡ್ಡಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮದೂರದಲ್ಲಿ ಕಟ್ಟಿಸುತ್ತೇನೆ, ಲೆಕ್ಕ ತೋರಿಸಿದ ಕಡೆಯೇ, ಎಂದು ಘೋಷಿಸಿದ. ಲೆಕ್ಕಕ್ಕೆ ಅಳಿಯನನ್ನು ಕರೆಸಿದ.

ಅಳಿಯ ನಕ್ಷೆಯ ಮೇಲೆ ಮೂರು ಶೆಡ್ಡುಗಳನ್ನೂ ಸೇರಿಸಿ ತ್ರಿಕೋನ ಎಳೆದು ತಲೆ ಕೆರೆದುಕೊಂಡ. ತ್ರಿಕೋನಕ್ಕೆ ಒಂದೇ ಕೇಂದ್ರವಲ್ಲ ಮಾವ, ಎಂದ. ರಟ್ಟಿನಲ್ಲಿ ಕತ್ತರಿಸಿ ಬೆರಳ ತುದಿಯ ಮೇಲೆ ವಾಲದಂತೆ ತೂಗಿಸುವ ಕೇಂದ್ರ ಯಾವಾಗಲೂ ಒಳಗೇ ಇರುತ್ತದೆ. ಮೂಲೆಗಳಿಗೆಲ್ಲ ಸಮದೂರದ ಕೇಂದ್ರ ಹಾಗಲ್ಲ. ಹೊಲಿಗೆ ಶೆಡ್ಡಿನ ಮೂಲೆಯ ಹಾಗೆ ಒಂದು ಕೋನ ಅಗಲವಾಗಿ ಬಾಯಿ ಬಿಟ್ಟರೆ ಅದು ಹೊರಗೆ ಹೋಗಿ ಕೂರುತ್ತದೆ.

"ನಂಗೆ ಸಮದೂರದ್ದೇ ಬೇಕು. ಹೋಗಿ ಗೂಟ ಹೊಡಿ."

ಅಳಿಯನ ಟೇಪು ಕಾರ್ಖಾನೆಯ ಹಿಂದಿನ ಗೋಡೆ ದಾಟಿತು. ಗೂಟ ಬಿದ್ದದ್ದು ಮ್ಯಾನೇಜರ್ ಮನೆಯ ಹಿತ್ತಲಲ್ಲಿ, ಬಚ್ಚಲ ಬಾಗಿಲಿಗೆ ಎದುರಾಗಿ. ಲೆಕ್ಕ ತಪ್ಪಿದೆ ಎಂದು ಮ್ಯಾನೇಜರ್ ಕೂಗಾಡಿದ. ಜನ್ಮದಲ್ಲಿ ಒಂದಾಗದ ಮೂರು ಶೆಡ್ಡುಗಳೂ ಒಂದಾಗಿ, ಲೆಕ್ಕ ಸರಿಯಿದೆ ಎಂದವು.

ಮರುದಿನ ಕಾಜಾದ ಹುಡುಗಿ ಗೋಡೆಯ ಕಿರುಬಾಗಿಲಿನಿಂದ ಬಂದು ಗೂಟದ ಪಕ್ಕ ಹಲ್ಲು ಕಚ್ಚಿ ನಿಂತಿದ್ದಳು. ಮ್ಯಾನೇಜರ್ ಹೆಂಡತಿ ಅವಳ ಹೊಟ್ಟೆ ನೋಡಿದಳು, ಮುಖ ನೋಡಿದಳು.

"ಗೂಟ ನೋಡ್ತಾ ನಿಂತ್ರೆ ಆಗುತ್ತೇನೇ ತಾಯಿ? ಒಳಗೆ ಹೋಗು," ಎಂದು ಮನೆಯ ಕದವನ್ನೇ ತೆರೆದಳು.

ಒಬ್ಬಳಿಗೆ ಆದದ್ದು ಎಲ್ಲರಿಗೂ ಆಗಬೇಕಲ್ಲ. ಸಂಜೆಗೆ ಸಾಲು ಬಟ್ಟೆ ಒಣಹಾಕುವ ಹಗ್ಗದ ತನಕ ಬೆಳೆಯಿತು. ಮಾರನೆಯ ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ ಮ್ಯಾನೇಜರ್ ಕೊನೆಯಲ್ಲಿ ನಿಲ್ಲಬೇಕಾಯಿತು. ಮುಂದಿದ್ದ ಇಸ್ತ್ರಿಯವನು ಕೈ ಮುಗಿದ. ಜಾಗ ಮಾತ್ರ ಬಿಡಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಕೇಳಿದಳು: "ಏನೂಂದ್ರೆ, ಆ ರಟ್ಟು ತೂಗೋ ಕೇಂದ್ರ ಎಲ್ಲಿ ಬರುತ್ತಂತೆ?"

"ಹೊಲಿಗೆ ಶೆಡ್ಡಿನ ಹತ್ರ," ಎಂದ ಗಂಡ, ಕಾಲು ಬದಲಿಸುತ್ತಾ.

"ಅಲ್ಲೇ ಕಟ್ಟಿಸಿ. ಇವತ್ತೇ."

ಮಧ್ಯಾಹ್ನವೇ ಅಡಿಪಾಯ ತೋಡಿದರು. ಮ್ಯಾನೇಜರ್ ಮತ್ತೆ ಸ್ಟೂಲು ಹತ್ತಿ, ಸಮಾನತೆಗಿಂತ ಸಮತೋಲನ ದೊಡ್ಡದು ಎಂದು ಶುರುಮಾಡಿದ. ಕಾಜಾದ ಹುಡುಗಿಗೆ ಅಷ್ಟು ಹೊತ್ತು ಕೂರಲಾಗಲಿಲ್ಲ. ಎದ್ದು ಕಿರುಬಾಗಿಲ ಕಡೆ ನಡೆದಳು. ಹೊಸ ಗೋಡೆ ಏಳುವ ತನಕ, ಅವಳೊಬ್ಬಳಿಗೆ, ಆ ಮನೆಯ ಕದ ತೆರೆದೇ ಇತ್ತು.