ಅಕ್ಕ ಬರೆಯದ ಪರೀಕ್ಷೆ

ಹೊಲಿಗೆ ಅಂಗಡಿಗೆ ಬೀಗ ಜಡಿದು, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಅಕ್ಕ ಕಾಲೇಜಿಗೆ ನುಗ್ಗಿದಳೆಂದರೆ ಅಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಮುಂದೆ ತಮ್ಮನ ಗಾಲಿಕುರ್ಚಿ, ಹಿಂದೆ ಅದನ್ನು ದಬದಬ ತಳ್ಳಿಕೊಂಡು ಇವಳು. ತಮ್ಮನನ್ನು ಅವಳು ಕರೆಯುವುದು ದೊರೆ ಎಂದು. ಹುಟ್ಟಿದಾಗಿನಿಂದಲೂ ಅವನ ಕೈಕಾಲು ಅವನು ಹೇಳಿದಂತೆ ಕೇಳಿದವಲ್ಲ. ನಾಲಿಗೆಯೂ ಅಷ್ಟೇ, ಒಂದೊಂದು ಪದವನ್ನೂ ಎಳೆದೆಳೆದು ಹೊರಗೆ ತರಬೇಕು. ತಲೆ ಮಾತ್ರ ಹೊಸ ಕತ್ತರಿಯ ಹಾಗೆ. ಅವನ ಮಾತು ಬೀದಿಯವರಿಗೆಲ್ಲ ಬರೀ ಗೊಣಗಾಟ, ಅಕ್ಕನಿಗೊಬ್ಬಳಿಗೆ ನೀರು ಕುಡಿದಷ್ಟು ಸಲೀಸು.

ಶಾಲೆಯುದ್ದಕ್ಕೂ ಅವನ ಪರೀಕ್ಷೆಗಳಿಗೆ ಕೈ ಆದವಳು ಅವಳೇ. ಅವನು ಹೇಳುವುದು, ಇವಳು ಬರೆಯುವುದು. ಎಂಬತ್ತರ ಮೇಲೆ ಮಾರ್ಕ್ಸು ಬಂದಾಗ ಗಿರಾಕಿಗಳ ಕಿವಿ ತೂತಾಗುವಷ್ಟು ಹೇಳಿಕೊಂಡು ತಿರುಗಿದ್ದಳು. ಈಗ ಕಾಲೇಜಿನ ಮೊದಲ ವರ್ಷದ ಇತಿಹಾಸದ ಪರೀಕ್ಷೆಗೆ ಬೇರೆ ಯಾರನ್ನೋ ಬರೆಯಲು ಕೂರಿಸುತ್ತಾರಂತೆ! ಅವಳ ಮೈಯೆಲ್ಲ ಉರಿದುಹೋಗಿತ್ತು.

ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಸೌಕರ್ಯ ಹೊಂದಿಸುವ ಮೇಡಂ ಆಗ ನೆಲಮಹಡಿಯ ಕೋಣೆಯೊಂದರಲ್ಲಿ ಮೇಜಿನ ಕೆಳಗೆ ತೂರಿದ್ದರು. ಗಾಲಿಕುರ್ಚಿ ಒಳಗೆ ಹೋಗಲೆಂದು ಮೇಜಿನ ಕಾಲಿಗೆ ಮರದ ತುಂಡು ಕೊಡುತ್ತಿದ್ದರು.

"ಒಳ್ಳೇ ಹೊತ್ತಿಗೆ ಬಂದ್ರಿ. ಆ ಟೇಪ್ ಕೊಡಿ ಸ್ವಲ್ಪ" ಎಂದು ಕೆಳಗಿನಿಂದಲೇ ಕೈ ಚಾಚಿದರು.

ಜಗಳಕ್ಕೆ ಬಂದವಳು ಟೇಪು ಕೊಡುವುದೇ? ಕೊಡಲಿಲ್ಲ, ತಾನೇ ಬಗ್ಗಿ ಅಳೆದಳು. "ಇನ್ನೂ ಎರಡು ಬೆರಳು ಎತ್ತರಿಸ್ಬೇಕು, ಇಲ್ದಿದ್ರೆ ಮೊಣಕಾಲು ತಾಗತ್ತೆ" ಎಂದಳು. ಅಷ್ಟು ಹೇಳಿ ಸೊಂಟಕ್ಕೆ ಕೈ ಇಟ್ಟುಕೊಂಡು ಶುರುಮಾಡಿದಳು. "ಮೇಡಂ, ಇವನ ಮಾತು ನಿಮ್ಮಲ್ಲಿ ಯಾರಿಗ್ರೀ ಅರ್ಥ ಆಗತ್ತೆ? ಯಾವಳೋ ಗಿಡಮರ ಓದೋ ಹುಡುಗಿ ಬರೀತಾಳಂತೆ. ಇವನ ವರ್ಷ ಹಾಳಾದ್ರೆ ನೀವು ಹೊಣೆ ಆಗ್ತೀರಾ?"

"ಆ ವಿಷಯ ಓದ್ದೇ ಇರೋರೇ ಬರೀಬೇಕು, ಅದೇ ಇಲ್ಲಿನ ಪದ್ಧತಿ. ಆ ಹುಡುಗಿ ದಿನಾ ಮಧ್ಯಾಹ್ನ ಇವರ ಜೊತೆ ಕೂತು ಮಾತು ಅಭ್ಯಾಸ ಮಾಡ್ಕೋತಿದ್ದಾಳೆ."

"ನನಗೆ ವಿಶೇಷ ಅನುಮತಿ ಕೊಡಿಸಿ. ಬೇಕಾದ್ರೆ ಪ್ರಿನ್ಸಿಪಾಲರ ಬಾಗಿಲಲ್ಲೇ ಕೂರ್ತೀನಿ."

ಮೇಡಂ ಕೈಯ ಧೂಳು ಕೊಡವಿಕೊಂಡು ಎದ್ದರು. "ಅನುಮತಿ ಸಿಗತ್ತಮ್ಮ, ಕೊಡ್ಸೋಣ ಅಂತಾನೇ ಇದ್ದೆ. ಬೇಡ ಅಂದವರು ನಾನಲ್ಲ." ಅವರ ಕಣ್ಣು ಗಾಲಿಕುರ್ಚಿಯ ಕಡೆ ಹೊರಳಿತು.

ದೊರೆಯ ಕತ್ತು ಒಮ್ಮೆ ಪಕ್ಕಕ್ಕೆ ಎಳೆಯಿತು. ಅವನು ಬಾಯಿ ತೆರೆದು, ನಿಧಾನಕ್ಕೆ, ಒಂದು ಮಾತು ಹೇಳಿದ.

"ಏನಂದೆ? ಅರ್ಥ ಆಗ್ಲಿಲ್ಲ" ಎಂದಳು ಅಕ್ಕ. ಶುದ್ಧ ಸುಳ್ಳು! ಅವನ ಮಾತು ಅರ್ಥವಾಗಲಿಲ್ಲವೆಂದು ಅವಳು ಹೇಳಿದ್ದು ಅದೇ ಮೊದಲು.

ಅವನು ಬಿಡಲಿಲ್ಲ. ಹಣೆಯಲ್ಲಿ ಬೆವರು ಬರುವ ಹಾಗೆ ಮತ್ತೆ ಹೇಳಿದ. "ನಾನೇ ಕೇಳಿದ್ದು, ಅಕ್ಕಾ. ನೀನು ನನಗಿಂತ ಚೆನ್ನಾಗಿ ಬರೀತೀಯ. ಅದಕ್ಕೇ ಬೇಡ."

ಅವಳಿಗೆ ಕಪಾಳಕ್ಕೆ ಬಿಗಿದಂತಾಯಿತು. ಸಾಕಿ ಸಲಹಿದ್ದಕ್ಕೆ ಒಳ್ಳೇ ಬಹುಮಾನ ಎಂದುಕೊಂಡಳು. ರಾತ್ರಿ ಅವನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಆದರೆ ಉಣ್ಣಿಸುವಾಗ ಆ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಅವನು ಅರ್ಧ ಹೇಳಿದಾಗಲೇ ತಾನು ಸಾಲು ಮುಗಿಸುತ್ತಿದ್ದದ್ದು ನಿಜ. ಅವನು ತಡವರಿಸಿದಲ್ಲಿ ಪುಸ್ತಕದಲ್ಲಿದ್ದದ್ದನ್ನು ತುಂಬಿದ್ದೂ ನಿಜ. ಹೇಗೂ ಅವನು ಅದನ್ನೇ ಹೇಳುತ್ತಿದ್ದ, ಅಲ್ಲವೇ? ಆದರೆ ಅಲ್ಲವೇ ಎಂದು ಅವನನ್ನು ಒಮ್ಮೆಯೂ ಕೇಳಿದವಳಲ್ಲ.

ಪರೀಕ್ಷೆಯ ದಿನ ಅವನನ್ನು ಒಳಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಳು. ಮೇಡಂ ಪಕ್ಕದಲ್ಲೇ ಕೂತರು, ಕಾವಲಿಗೆ ಕೂತಂತೆ. "ಒಳಗೆ ಕಾಲಿಟ್ರೆ ಪತ್ರಿಕೆ ರದ್ದಾಗತ್ತೆ, ನೆನಪಿರಲಿ" ಎಂದು ಮೆಲ್ಲಗೆ ಎಚ್ಚರಿಸಿದರು. ಸೆಖೆಗೆ ತೆರೆದಿಟ್ಟ ಕಿಟಕಿಯಿಂದ ಒಳಗಿನ ಮಾತೆಲ್ಲ ಕೇಳುತ್ತಿತ್ತು.

ಬರೆಯಲು ಕೂತ ಆ ಹುಡುಗಿಗೆ ನಾಚಿಕೆ ಎನ್ನುವುದೇ ಇರಲಿಲ್ಲ. "ತಿಳೀಲಿಲ್ಲ, ಇನ್ನೊಂದ್ಸಲ ಹೇಳು" ಎನ್ನುತ್ತಿದ್ದಳು. ಬರೆದದ್ದನ್ನು ಓದಿ ಹೇಳುತ್ತಿದ್ದಳು.

"ಅಲ್ಲ" ಎಂದ ದೊರೆ. "ಹೊಡೆದು ಹಾಕು."

ಅಕ್ಕ ಬೆಚ್ಚಿಬಿದ್ದಳು. ತನಗೆ ಅವನು 'ಅಲ್ಲ' ಎಂದದ್ದುಂಟೇ? ಎನ್ನಲು ತಾನು ಬಿಟ್ಟದ್ದುಂಟೇ?

ಕೋಟೆಯೊಂದು ಶತ್ರುಗಳ ಕೈಗೆ ಹೋದದ್ದೇಕೆ ಎನ್ನುವ ಪ್ರಶ್ನೆ ಬಂತು. ಅವನಿಗೆ ಓದಿ ಹೇಳಿ ಹೇಳಿ ಉತ್ತರ ಅಕ್ಕನಿಗೂ ಬಾಯಿಪಾಠ, ಕೋಟೆಯೊಳಗಿನ ಧಾನ್ಯ ಮುಗಿದದ್ದಕ್ಕೆ. ದೊರೆ ಧಾನ್ಯದ ಮಾತನ್ನೂ ಹೇಳಿದ, ಆಮೇಲೆ ಉಸಿರು ಎಳೆದುಕೊಂಡು, "ಪುಸ್ತಕ ಹೀಗನ್ನತ್ತೆ. ನಾನು ಪೂರ್ತಿ ಒಪ್ಪಲ್ಲ, ಬರಿ" ಎಂದ. ಅಯ್ಯೋ ದೇವರೇ, ಮಾರ್ಕ್ಸು ನೀರುಪಾಲಾಯಿತು ಎಂದು ಅಕ್ಕ ತಲೆ ಚಚ್ಚಿಕೊಂಡಳು. ಕಂದಕ ಬತ್ತಿಹೋಗಿದೆ, ತುಂಬಿಸಿ ಎಂದು ಕಾವಲುಗಾರರು ಹೇಳಿದ್ದನ್ನು ರಾಜ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅವನು ಹೇಳತೊಡಗಿದ. ಕಂದಕ ಎನ್ನುವ ಪದವೇ ಹುಡುಗಿಗೆ ದಕ್ಕಲಿಲ್ಲ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ದೊರೆಯ ದನಿ ಒಡೆಯಿತು. ಅಕ್ಕ ಎದ್ದೇಬಿಟ್ಟಳು. ಒಂದೇ ಪದ! ಕಿಟಕಿಯಲ್ಲಿ ಕೂಗಿ ಹೇಳಿದರೆ ಮುಗಿಯಿತು. ಮೇಡಂ ಅವಳ ತೋಳು ಹಿಡಿದರು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಅವಳು ತಾನಾಗಿಯೇ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.

ಒಳಗೆ ದೊರೆ ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಂಡ.

"ಕೋಟೆ ಸುತ್ತ ತೋಡಿರ್ತಾರಲ್ಲ" ಎಂದ ದೊರೆ, ತಾಳ್ಮೆಯಿಂದ, ಚಿಕ್ಕ ಮಗುವಿಗೆ ಹೇಳಿಕೊಡುವ ಹಾಗೆ. "ನೀರಿನ ಗುಂಡಿ. ಹಾಗಂತಾನೇ ಬರಿ."

"ಓ!" ಎಂದಳು ಹುಡುಗಿ. ಪೆನ್ನು ಮತ್ತೆ ಓಡಿತು. ಅಕ್ಕನ ಕಣ್ಣಲ್ಲಿ ಧಾರಾಕಾರ ನೀರು. ಅಷ್ಟು ಹೆಮ್ಮೆ ಅವಳಿಗೆ ತನ್ನ ಜನ್ಮದಲ್ಲಿ ಆಗಿರಲಿಲ್ಲ. "ಕೇಳಿಸ್ಕೊಂಡ್ರಾ ಮೇಡಂ?" ಎಂದು ಅವರ ಭುಜ ಹಿಡಿದು ಅಲ್ಲಾಡಿಸಿದಳು. "ಎಷ್ಟು ಜಾಣ ನೋಡಿ! ಯಾರೂ ಹೇಳಿಕೊಟ್ಟಿದ್ದಲ್ಲ ಅದು."

ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡಲೇ ಇಲ್ಲ. ಬಂದವರಿಗೆಲ್ಲ ಒಂದೇ ಸುದ್ದಿ, ನಮ್ಮ ದೊರೆಗೆ ಇತಿಹಾಸದಲ್ಲಿ ಅರವತ್ತೊಂದು. ರವಿಕೆ ಕೇಳಲು ಬಂದ ಪಕ್ಕದ ಮನೆಯಾಕೆ ಹಳೇ ಲೆಕ್ಕ ಮರೆಯುವ ಪೈಕಿಯಲ್ಲ. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿದ್ದ ದೊರೆಯನ್ನೊಮ್ಮೆ ನೋಡಿ, "ಅಯ್ಯೋ ಪಾಪ, ಶಾಲೇಲಿ ಎಂಬತ್ತರ ಮೇಲೆ ಬಂದಿತ್ತಲ್ಲೇ? ಇಷ್ಟು ಇಳಿದುಹೋಯ್ತಾ?" ಎಂದಳು.

ಅಂಗಡಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಅಕ್ಕ ತಮ್ಮನ ಮುಖ ನೋಡಿದಳು. ಆಮೇಲೆ, ಬೀದಿಯ ಆಚೆ ಬದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅದರಲ್ಲಿ ನನ್ನದೂ ಸೇರಿತ್ತು ಕಣೇ. ಇದಿದೆಯಲ್ಲ, ಇದು ಪೂರ್ತಿ ಅವನದು."