ಹ್ಯಾಂಡಲ್ ಗಟ್ಟಿ

ಇಚಲಕರಂಜಿಯಿಂದ ಯಡ್ರಾವಕ್ಕೆ ಹೋಗುವ ರಸ್ತೆಯಲ್ಲಿ ಗಣಪತನ ಗ್ಯಾರೇಜು. ಗ್ಯಾರೇಜು ಅಂದರೆ ಏನು ಮಹಾ, ತಲೆಯ ಮೇಲೆ ನಾಲ್ಕು ತಗಡು, ನೆಲದ ಮೇಲೆ ಇಪ್ಪತ್ತು ವರ್ಷದ ಎಣ್ಣೆಯ ಜಿಡ್ಡು. ಆದರೂ ಗಡಹಿಂಗ್ಲಜದಷ್ಟು ದೂರದಿಂದ ಮೋಟಾರ್ ಸೈಕಲ್ಲುಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಕೈಗುಣ ಚೆನ್ನಾಗಿತ್ತು ಅನ್ನುವುದು ಒಂದು ಮಾತು. ಅವನ ಜೊತೆ ಕನ್ನಡದಲ್ಲಿ ಹರಟೆ ಹೊಡೆಯಬಹುದು ಅನ್ನುವುದು ಇನ್ನೊಂದು. ಅವನ ಅಜ್ಜ ಚಿಕ್ಕೋಡಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು. ಮನೆಯಲ್ಲಿ ಇವತ್ತಿಗೂ ಕನ್ನಡವೇ. ಆದರೆ ಗಣಪತ ಕಲಿತದ್ದು ಮರಾಠಿ ಶಾಲೆ, ಅದೂ ಏಳನೇ ತರಗತಿಯವರೆಗೆ. ಹಾಗಾಗಿ ಕನ್ನಡ ಅವನ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಗಿರಾಕಿ ಹೇಳಿದ ದೂರನ್ನು ಸೀಮೆಸುಣ್ಣದಿಂದ ಸೀಟಿನ ಮೇಲೆ ಎರಡೇ ಶಬ್ದದಲ್ಲಿ ಮರಾಠಿಯಲ್ಲಿ ಗೀಚುವುದು, ಸರದಿ ಬಂದಾಗ ಅದನ್ನು ಓದಿ ಕೆಲಸ ಮುಗಿಸುವುದು, ಇದು ಅವನ ಪದ್ಧತಿ. ಇಷ್ಟು ವರ್ಷ ಇದರಲ್ಲಿ ಯಾರೂ ತಪ್ಪು ಹಿಡಿದಿರಲಿಲ್ಲ.

ಗಣಪತಿ ಹಬ್ಬ ಮುಗಿದ ವಾರ, ಮುಂಜಾನೆ ಹತ್ತರ ಸುಮಾರಿಗೆ ಒಂದು ಟೆಂಪೋ ಬಂದು ನಿಂತಿತು. ಹಿಂದೆ ಹಗ್ಗದಿಂದ ಬಿಗಿದ ಒಂದು ಕಪ್ಪು ಮೋಟಾರ್ ಸೈಕಲ್ಲು. ಗಣಪತ ಮನುಷ್ಯರ ಮುಖ ಮರೆತಾನು, ಗಾಡಿ ಮರೆಯುವವನಲ್ಲ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಗುರುಸಿದ್ದನ ಗಾಡಿ ಅದು. ಗುರುಸಿದ್ದ ಹೋದ ಸುದ್ದಿ ಮೂರು ತಿಂಗಳ ಹಿಂದೆ, ಮಿರಗದ ಮಳೆಯ ಹೊತ್ತಿಗೇ ಇವನ ಕಿವಿಗೆ ಬಿದ್ದಿತ್ತು. ಉತ್ತೂರಿನ ಆಚೆ ತಿರುವಿನಲ್ಲಿ ಗಾಡಿ ಬಿದ್ದಿತ್ತಂತೆ, ಕೊಲ್ಲಾಪುರದ ದವಾಖಾನೆಯಲ್ಲಿ ಎರಡು ದಿನ ಜೀವ ಹಿಡಿದಿದ್ದನಂತೆ. ಮೂವತ್ತೈದರ ಗಂಡಾಳು. ಅವತ್ತು ಗಣಪತನಿಗೆ ಊಟ ಸೇರಿರಲಿಲ್ಲ.

ಟೆಂಪೋದಿಂದ ಇಳಿದವರು ಇಬ್ಬರು. ಹಣೆಗೆ ವಿಭೂತಿ ಬಳಿದುಕೊಂಡ ಮುದುಕ, ಗುರುಸಿದ್ದನ ತಂದೆ ಕಾಡಸಿದ್ದ. ಅವನ ಹಿಂದೆ ಬರಿಗೈಯ, ಬರಿಹಣೆಯ ಸೊಸೆ.

"ಗಣಪತಣ್ಣಾ, ನಾ ನೂತನ. ಈ ಗಾಡಿ ಅವರದ," ಅಂದಳು ಅವಳು. ಗಂಡ ಬದುಕಿದ್ದಾಗ ಅವನ ಬಾಯಲ್ಲಿ ಗಣಪತಣ್ಣ ಅಂತ ಕೇಳಿ ಕೇಳಿ ಅವಳಿಗೂ ಅವನು ಅಣ್ಣನೇ ಆಗಿದ್ದ.

ಮುದುಕ ಆ ಮಾತಿಗೆಲ್ಲ ನಿಲ್ಲಲಿಲ್ಲ. "ಮಿಸ್ತ್ರಿ, ಇದನ್ನ ಮಾರೂದೈತಿ. ಕೊಲ್ಲಾಪುರದ ಗಿರಾಕಿ ಒಬ್ಬಾಂವ ಹತ್ತ ಮಾರ ಓಡಿಸಿ ನೋಡಿ, ಹ್ಯಾಂಡಲ್ ಸರಿ ಇಲ್ಲ ಅಂದ ಹ್ವಾದ. ಸರಿ ಮಾಡಿ ಕೊಡ್ರಿ. ಒಮ್ಮಿ ಮನ್ಯಾನ ಪೀಡಾ ಹೋಗ್ಲಿ."

"ರಿಪೇರಿ ಆಮ್ಯಾಗ ಆಗ್ಲಿ ಮಾವಾರ," ಎಂದಳು ನೂತನ. ದನಿ ಸಣ್ಣದು, ಆದರೆ ಅಲುಗಲಿಲ್ಲ. "ಗಣಪತಣ್ಣಾ, ಮೊದಲ ನೋಡಿ ಹೇಳ್ರಿ. ಇದು ಬೀಳೂಕಿಂತ ಮೊದಲ ಕೆಟ್ಟಿತ್ತೋ, ಬಿದ್ದಮ್ಯಾಲ ಕೆಟ್ಟತೋ? ಅದೊಂದ ಮಾತ ಕೇಳಾಕ ಬಂದೇನಿ ನಾ."

"ಏನ ಕೇಳತಿ ಅದನ್ನ!" ಮುದುಕ ಸಿಡುಕಿದ. "ಕುಡದಿದ್ದ, ಬಿದ್ದ. ಉತ್ತೂರಿನ ಚಾದಂಗಡಿಯಾಂವ ಕಣ್ಣಾರೆ ನೋಡ್ಯಾನ, ಗಾಡಿ ಈ ಕಡೆ ಒಮ್ಮಿ ಆ ಕಡೆ ಒಮ್ಮಿ ಓಲಾಡಾಕತ್ತಿತ್ತಂತ. ಕುಡಕರ ಗಾಡಿ ಮತ್ತ ಹೆಂಗ ಹೋಗತತಿ?"

ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಗುರುಸಿದ್ದ ಹಿಂದೊಮ್ಮೆ ಎರಡು ವರ್ಷ ಕುಡಿದಿದ್ದು ನಿಜ. ಆಮೇಲೆ ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ. ಬಿಟ್ಟಿದ್ದನ್ನು ನೂತನ ನಂಬಿದಳು, ತಂದೆ ನಂಬಲಿಲ್ಲ. ಬಿದ್ದಾಗ ಕುಡಿದಿದ್ದನೋ ಇಲ್ಲವೋ ಯಾರೂ ನೋಡಲಿಲ್ಲ, ಊರು ಮಾತ್ರ ತೀರ್ಪು ಕೊಟ್ಟೇ ಬಿಟ್ಟಿತು. ಲಿಂಗ ಮುಟ್ಟಿ ಸುಳ್ಳು ಹೇಳಿದವನು ನನ್ನ ಮಗನೇ ಅಲ್ಲ ಅಂತ ಕಾಡಸಿದ್ದ ಮೂರು ತಿಂಗಳಿನಿಂದ ಮಗನ ಸಮಾಧಿಯ ಕಡೆ ತಲೆ ಹಾಕಿರಲಿಲ್ಲ. ಹೊಲದ ಅಂಚಿನಲ್ಲಿರುವ ಆ ಸಮಾಧಿಗೆ ನೂತನ ಒಬ್ಬಳೇ ಹೋಗಿ ಪತ್ರಿ ಏರಿಸಿ ಬರುತ್ತಿದ್ದಳು. ಇದನ್ನೆಲ್ಲ ಅವಳು ಗಾಡಿ ಇಳಿಸುವ ಹೊತ್ತಿನಲ್ಲಿ, ಮಾವನಿಗೆ ಕೇಳಿಸುವಂತೆಯೇ ಹೇಳಿದಳು. ಮುದುಕ ಅತ್ತ ಮುಖ ಮಾಡಿ ಕೂತ.

ಗಣಪತ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು ಮುಂದಿನ ಗಾಲಿ ಎತ್ತಿದ. ಹ್ಯಾಂಡಲನ್ನು ನೆಟ್ಟಗೆ ಮಾಡಿ ಕೈ ಬಿಟ್ಟ. ಸರಿಯಿದ್ದ ಗಾಡಿಯ ಹ್ಯಾಂಡಲ್ ಹೀಗೆ ಕೈ ಬಿಟ್ಟರೆ ತಾನಾಗಿಯೇ ಎಡಕ್ಕೋ ಬಲಕ್ಕೋ ಹೊರಳಬೇಕು. ಇದು ಬಿಟ್ಟಲ್ಲೇ ನಿಂತಿತು. ಬೆರಳಿನಿಂದ ದೂಡಿದ, ಅಲುಗಲಿಲ್ಲ. ಅಂಗೈ ಕೊಟ್ಟು ದೂಡಿದ ಮೇಲೆ ಕರ್ರ್ ಅಂತ ತುಸು ಸರಿದು ಮತ್ತೆ ನಿಂತಿತು.

"ಭಾಳ ಗಟ್ಟಿ ಆಗೇತಲಾ!" ಎಂದ, ತನ್ನಷ್ಟಕ್ಕೆ.

ನೂತನ ತಟ್ಟನೆ ಹತ್ತಿರ ಬಂದಳು. "ಅಣ್ಣಾ, ಅವರೂ ಹಿಂಗ ಅಂದಿದ್ರು. ಹ್ಯಾಂಡಲ್ ಗಟ್ಟಿ ಆಗೇತಿ, ಹೊಳ್ಳಾಕ ವಲ್ಲದು, ಗಣಪತಣ್ಣನ ಕಡೆ ಸಡ್ಲ ಮಾಡಿಸ್ಕೊಂಡ ಬರ್ತೀನಿ ಅಂತ ಹೇಳಿ ಬಂದಿದ್ರು. ಬೀಳೂಕಿಂತ ಒಂದ ವಾರ ಮೊದಲ. ನಿಮ್ಮ ಮುಂದ ಹೇಳಿರಬೇಕಲ್ಲ?"

ಗುರುಸಿದ್ದ ಬಂದಿದ್ದ, ಹೌದು. ಗಣಪತ ಪಾನಾ ತೆಗೆದುಕೊಂಡು ಹ್ಯಾಂಡಲಿನ ಮೇಲಿನ ಮುಚ್ಚಳ ಬಿಚ್ಚಿದ. ಕೆಳಗೆ ಕೋನಸೆಟ್ಟಿನ ನಟ್ಟು. ಹ್ಯಾಂಡಲ್ ತಿರುಗಲೆಂದು ಒಳಗೆ ಗುಂಡುಗಳಿರುತ್ತವಲ್ಲ, ಅವನ್ನು ಹಿಡಿದಿಡುವ ನಟ್ಟು ಅದು. ತುಸು ಸಡಿಲವಾದರೆ ಗಾಡಿ ಕಟಕಟ ಅನ್ನುತ್ತದೆ, ತುಸು ಹೆಚ್ಚು ಬಿಗಿದರೆ ಗುಂಡುಗಳು ಹೊರಳದೆ ಕಚ್ಚಿಕೊಳ್ಳುತ್ತವೆ. ಆ ನಟ್ಟೂ ಅದರ ಕೆಳಗಿನ ಕಬ್ಬಿಣವೂ ಕೂಡುವಲ್ಲಿ ಕೆಂಪು ಉಗುರುಬಣ್ಣದ ಒಂದು ಬೊಟ್ಟಿತ್ತು. ಬಿಗಿದ ನಟ್ಟು ಆಮೇಲೆ ಜರುಗಿದರೆ ತಿಳಿಯಲಿ ಅಂತ ಗುರುತಿಗೆ ಇಡುವ ಬೊಟ್ಟು. ಹೆಂಡತಿ ಹಿರಾಬಾಯಿಯ ಶೀಶೆಯಿಂದ ಕದ್ದು ತಂದ ಬಣ್ಣ. ಇಡೀ ಇಚಲಕರಂಜಿಯಲ್ಲಿ ಉಗುರುಬಣ್ಣ ಇಡುವ ಮಿಸ್ತ್ರಿ ಅವನೊಬ್ಬನೇ. ಬೊಟ್ಟು ಒಂದು ಕೂದಲಿನಷ್ಟೂ ಜರುಗಿರಲಿಲ್ಲ. ಬಿದ್ದದ್ದಕ್ಕೆ ಏನೂ ಆಗಿರಲಿಲ್ಲ. ಬಿಗಿದದ್ದು ಬಿಗಿದಂತೆಯೇ ಇತ್ತು.

ಆಗ ಎಲ್ಲ ನೆನಪಾಯಿತು, ನೆನಪಾಗದಿದ್ದರೇ ಚೆನ್ನಾಗಿತ್ತು. ಅವತ್ತು ಸೋಮವಾರ, ಗ್ಯಾರೇಜಿನಲ್ಲಿ ಆರು ಗಿರಾಕಿಗಳು, ಐವರು ಮರಾಠಿಯವರು. ಗುರುಸಿದ್ದ ಕೀಲಿಕೈ ಎಸೆದು, "ಅಣ್ಣಾ, ಹ್ಯಾಂಡಲ್ ಗಟ್ಟಿ ಐತಿ ನೋಡ್ರಿ," ಅಂತ ಕೂಗಿ ಬಸ್ಸು ಹಿಡಿಯಲು ಓಡಿದ್ದ. ಗಣಪತ ಸೀಟಿನ ಮೇಲೆ ಮರಾಠಿಯಲ್ಲಿ 'ಹ್ಯಾಂಡಲ್ ಘಟ್ಟ' ಅಂತ ಗೀಚಿದ. ಮಾತಿನ ಆಟ ನೋಡಿ! ಕನ್ನಡದ ಗಟ್ಟಿ ಒಂದು ದೂರು. ತಿರುಗುತ್ತಿಲ್ಲ, ಸಡಿಲು ಮಾಡು ಅಂತ ಅದರ ಅರ್ಥ. ಮರಾಠಿಯ ಘಟ್ಟ ಅಂದರೆ ಬಿಗಿ. ಅವನ ಸೀಟುಗಳ ಮೇಲೆ 'ಬ್ರೇಕ್ ಘಟ್ಟ', 'ಚೈನ್ ಘಟ್ಟ' ಅಂತಿದ್ದರೆ ಬಿಗಿ ಮಾಡು ಅಂತಲೇ ಆಜ್ಞೆ. ಮರುದಿನ ಅವನು ತಾನೇ ಬರೆದದ್ದನ್ನು ತಾನೇ ಓದಿ, ಮೊದಲೇ ಕಚ್ಚಿಕೊಂಡಿದ್ದ ನಟ್ಟನ್ನು ಮತ್ತೂ ಅರ್ಧ ಸುತ್ತು ಬಿಗಿದು ಬೊಟ್ಟಿಟ್ಟ. ಕನ್ನಡ ಬಾರದ ಮಿಸ್ತ್ರಿಯಾಗಿದ್ದರೆ ಗುರುಸಿದ್ದ ನಾಲ್ಕು ಸಲ ಬಿಡಿಸಿ ಹೇಳುತ್ತಿದ್ದ. ನಮ್ಮವನು, ತಿಳಿಯುತ್ತದೆ ಅಂತ ಒಂದೇ ಮಾತು ಹೇಳಿ ಹೋದ.

ಅಷ್ಟಕ್ಕೇ ನಿಂತಿರಲಿಲ್ಲ. ಗಾಡಿ ಒಯ್ಯಲು ಬಂದ ಗುರುಸಿದ್ದ ಒಂದು ಸುತ್ತು ಹೊಡೆದು ಬಂದು, "ಇನ್ನೂ ಗಟ್ಟಿ ಅನಸ್ತತಲ್ಲೋ ಅಣ್ಣಾ," ಅಂದಿದ್ದ. ಗಣಪತ ನಕ್ಕುಬಿಟ್ಟಿದ್ದ. "ಈಗಷ್ಟ ಕೆಲಸ ಮಾಡೇನಿ, ಹಂಗ ಇರತತಿ. ನಾಕ ದಿನ ಓಡಸ್ರಿ, ತಾನ ಸಡ್ಲ ಆಗತತಿ," ಅಂದಿದ್ದ. ಗುರುಸಿದ್ದನೂ ನಕ್ಕು ಹೋದ.

"ಏನ ಕಾಣತತಿ ಅಣ್ಣಾ?" ನೂತನ ಕೇಳಿದಳು.

ಮನೆ, ಹಿರಾಬಾಯಿ, ಲಗ್ನಕ್ಕೆ ಬಂದ ಮಗಳು ಮೋನಾಲಿ, ಎಲ್ಲ ಒಂದೇ ಸಲ ಗಣಪತನ ಕಣ್ಣ ಮುಂದೆ ಬಂದು ನಿಂತರು. ಗಣಪತನ ಕೈಗೆ ಗಾಡಿ ಕೊಟ್ಟರೆ ಹೆಣವಾಗಿ ಬರ್ತೀರಿ ಅಂತ ಜನ ಅಂದರೆ ಮುಗಿಯಿತಲ್ಲ! ಹೆಬ್ಬೆರಳಿನ ಉಗುರಿನಿಂದ ಆ ಕೆಂಪು ಬೊಟ್ಟನ್ನು ಕೆರೆದು ಹಾಕಿದ. ಥೂ, ಎಂಥ ಮನುಷ್ಯನೇ ಆಗಲಿ, ಮೊದಲು ತನ್ನ ಚರ್ಮವನ್ನೇ ನೋಡಿಕೊಳ್ಳುತ್ತಾನೆ.

"ಅವತ್ತ ಸಡ್ಲ ಮಾಡಿ ಕೊಟ್ಟಿದ್ದೆ. ಬಿದ್ದ ಹೊಡ್ತಕ್ಕ ಹಿಂಗ ಆಗಿರತತಿ ತಂಗಿ," ಎಂದ.

"ಕೇಳಿದ್ಯಾ?" ಕಾಡಸಿದ್ದ ಎದ್ದು ನಿಂತ. "ಗಾಡಿ ನೆಟ್ಟಗ ಇತ್ತು. ನೆಟ್ಟಗ ಇರಲಾರದಾಂವ ಮ್ಯಾಲ ಕುಂತಿದ್ದ!"

ಗೆದ್ದವನ ಮಾತಿನ ಹಾಗಿತ್ತು, ಆದರೆ ಮುದುಕ ಗಾಡಿಯತ್ತ ನೋಡಲಿಲ್ಲ. ನೂತನ ಅಳಲಿಲ್ಲ. ಗಾಡಿಯ ಸೀಟಿನ ಮೇಲೆ ಕೈಯಿಟ್ಟು ನಿಂತಳು. "ಹಂಗಾರ ಕುಡಿಯೂದ ಬಿಟ್ಟೇನಿ ಅಂತ ಅವರು ನಂಗೂ ಸುಳ್ಳ ಹೇಳಿ ಹೋದ್ರು," ಅಂದಳು. ಮೂರು ತಿಂಗಳು ಇಡೀ ಊರನ್ನು ಎದುರಿಸಿ ನಿಂತಿದ್ದ ಹೆಣ್ಣು ಆ ಒಂದು ಗಳಿಗೆಯಲ್ಲಿ ಸೋತು ಹೋದಳು. ಸೀಟಿನ ಮೇಲಿನ ಕೈ ತೆಗೆದಳು.

ಆ ಕೈ ತೆಗೆದದ್ದನ್ನು ಗಣಪತನಿಗೆ ನೋಡಲಾಗಲಿಲ್ಲ. ಒಮ್ಮೆ ಕೊಂದದ್ದು ತಿಳಿಯದೆ. ಈಗ ತಿಳಿದೂ ತಿಳಿದೂ ಕೊಲ್ಲುತ್ತಿದ್ದೇನಲ್ಲ ಅನ್ನಿಸಿತು.

"ಸುಳ್ಳ ಹೇಳ್ದಾಂವ ನಾನ ತಂಗಿ," ಎಂದ. "ಬಿದ್ದದ್ದಕ್ಕ ಆದದ್ದಲ್ಲ ಇದು. ಇದನ್ನ ಬಿಗದಾಂವ ನಾನ. ಗಟ್ಟಿ ಐತಿ ಅಂತ ಅವರು ಹೇಳಿದ್ರು, ಸಡ್ಲ ಮಾಡಬೇಕಿತ್ತು. ನಾ ಘಟ್ಟ ಅಂತ ಬರಕೊಂಡೆ, ಮತ್ತೂ ಬಿಗದೆ. ಹಿಂಗ ಬಿಗದ್ರ ಗಾಡಿ ನೆಟ್ಟಗ ಹೋಗಾಂಗಿಲ್ಲ ಕಾಕಾ. ಒಂದ ಕಡೆ ಎಳೀತತಿ, ತಿದ್ದಾಕ ಹ್ವಾದ್ರ ಇನ್ನೊಂದ ಕಡೆ ಹೋಗತತಿ. ಚಾದಂಗಡಿಯಾಂವ ನೋಡಿದ್ದು ಅದನ್ನ. ಓಲಾಡಿದ್ದು ಗಾಡಿ. ನಿಮ್ಮ ಮಗ ಅಲ್ಲ."

ಗಾಡಿಯ ಹತ್ತಿರ ಕರೆದು ಮುದುಕನ ಕೈಯನ್ನೇ ಹ್ಯಾಂಡಲಿಗೆ ಕೊಟ್ಟು ತಿರುಗಿಸಲು ಹೇಳಿದ. ಹೊಲದಲ್ಲಿ ದುಡಿದ ಕೈ, ಅದಕ್ಕೂ ಜಗ್ಗಲಿಲ್ಲ. ಆಮೇಲೆ ನಟ್ಟನ್ನು ಒಂದು ಸುತ್ತು ಸಡಿಲಿಸಿ ಮತ್ತೆ ಮುಟ್ಟಲು ಹೇಳಿದ. ಮುಟ್ಟುತ್ತಲೇ ಹ್ಯಾಂಡಲ್ ಹೊರಳಿತು. ಕಾಡಸಿದ್ದ ಅದನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇದ್ದ.

"ಗಾಡಿ ಒಯ್ಯಾಕ ಬಂದಾಗ ಅವನ ಬಾಯಾಗ ವಾಸನಿ ಇತ್ತೇನ ಮಿಸ್ತ್ರಿ? ಖರೇ ಹೇಳ."

"ಇರಲಿಲ್ರಿ. ಚಾ ಕುಡದಿದ್ವಿ ಇಬ್ರೂ. ನಕ್ಕೋತ ಹ್ವಾದ್ರು."

"ಹಂಗಾರ ಒಂದ ವಾರ ಹಿಂಗ ಗಟ್ಟಿ ಇದ್ದದ್ದನ್ನ ತಿರುವಕೋತ ಅಡ್ಡಾಡ್ಯಾನ," ಅಂದ ಮುದುಕ. "ಮತ್ತ ಬಂದು ನಿನಗ ಹೇಳಲಿಲ್ಲೇನ?"

ಇದನ್ನೊಂದು ಬಚ್ಚಿಡಬಹುದಿತ್ತು. ಗಣಪತ ಬಚ್ಚಿಡಲಿಲ್ಲ. "ಹೇಳಿದ್ರು. ಇನ್ನೂ ಗಟ್ಟಿ ಅನಸ್ತತಿ ಅಂದ್ರು. ನಾ ನಕ್ಕೆ."

ಹೊಡೆತ ಬೀಳುತ್ತದೆ ಅಂತ ತಲೆ ಬಗ್ಗಿಸಿ ನಿಂತ. ಬೀಳಲಿ, ಬಿದ್ದರೆ ಎದೆಯ ಭಾರವಾದರೂ ಇಳಿದೀತು ಅಂದುಕೊಂಡ. ಬೀಳಲಿಲ್ಲ. ಕಾಡಸಿದ್ದ ಅವನ ಎರಡೂ ತೋಳು ಹಿಡಿದುಕೊಂಡು, ಬಿದ್ದಾನೆಂಬಷ್ಟು ಭಾರ ಹಾಕಿ, ಗೋಳೋ ಎಂದು ಅಳತೊಡಗಿದ. "ಕುಡದಿರಲಿಲ್ಲ ನನ್ನ ಕೂಸು! ಲಿಂಗಾ ಮುಟ್ಟಿ ಖರೇನ ಹೇಳಿತ್ತು! ಊರಿಗೆ ಬಾರೋ ಮಿಸ್ತ್ರಿ, ನಾಕ ಮಂದಿ ಮುಂದ ಈ ಮಾತ ಹೇಳ ಬಾ. ನಿನ್ನ ಕಾಲ ಹಿಡೀತೇನಿ." ಮಗನನ್ನು ಕೊಂದವನ ಕಾಲು ಹಿಡಿಯುತ್ತೇನೆಂದು ತಂದೆ ಬೇಡುತ್ತಿದ್ದ. ಗಣಪತ ಬರ್ತೀನಿ ಅಂತಷ್ಟೇ ಅಂದ.

ನೂತನ ಇಬ್ಬರನ್ನೂ ನೋಡುತ್ತ ನಿಂತಿದ್ದಳು. ಈಗ ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಮೂರ ತಿಂಗಳ ನಾ ಬಾಯಿ ಬಾಯಿ ಬಡಕೊಂಡೆ ಮಾವಾರ," ಎಂದಳು. "ಅವರು ಹೇಳಿದ್ದು ನಂಬಲಿಲ್ಲ, ನಾ ಹೇಳಿದ್ದು ನಂಬಲಿಲ್ಲ. ಕೊಂದಾಂವ ಬಂದ ಹೇಳಿದಮ್ಯಾಲ ನಂಬಿದ್ರಿ."

ಮುದುಕ ಗಣಪತನ ತೋಳು ಬಿಟ್ಟು, ತಾನೇ ಹೋಗಿ ಟೆಂಪೋದ ಹಿಂಬದಿಯ ಬಾಗಿಲು ತೆರೆದ.

ಮತ್ತೆ ಗಾಡಿಯನ್ನು ಟೆಂಪೋಕ್ಕೆ ಏರಿಸಿದರು. ಗಣಪತ ಎಣ್ಣೆಗೈ ಒರೆಸಿಕೊಂಡು, ಹಿರಾಬಾಯಿಗೂ ಹೇಳಿ ಕಳಿಸದೆ, ಹಾಡಹಗಲಲ್ಲೇ ಗ್ಯಾರೇಜಿಗೆ ಬೀಗ ಹಾಕಿದ. ಎಲ್ಲಿ ಕೂಡಬೇಕೋ ತಿಳಿಯದೆ ಟೆಂಪೋದ ಪಕ್ಕದಲ್ಲಿ ನಿಂತ. ಮುಂದೆ ಮಾವನ ಪಕ್ಕದಲ್ಲಿ ಕೂತಿದ್ದ ನೂತನ ಕಿಟಕಿಯಿಂದ ಅವನನ್ನು ನೋಡಿದಳು.

"ಹಿಂದ ಗಾಡಿ ಹಿಡಕೊಂಡ ಕುಂಡ್ರಿ, ಮಿಸ್ತ್ರಿ," ಎಂದಳು.